ಕಡವೆಯೆಂದು ಕೇಳಿಸಿದ್ದು

ಈಚೆಗೆ ಎಲ್ಲಿ ಚಿತ್ರ ಬರೆಯಲು ಕೂತರೂ ನಾನು ಮೊದಲು ಹುಡುಕುವುದು ಗೋಡೆಯನ್ನು. ಬರೆಯುವುದಕ್ಕಲ್ಲ, ಬೆನ್ನು ಕೊಡುವುದಕ್ಕೆ. ಮೊನ್ನೆ ಹಾರಂಗಿಗೆ ಹೋದಾಗ ಜೊತೆಗಿದ್ದವರೆಲ್ಲ ಹಿನ್ನೀರಿನ ಅಂಚಿನಲ್ಲಿ ಕಾಲು ಚಾಚಿ ಕೂತು ನೀಲಿ ಕಲಸುತ್ತಿದ್ದರು. ನಾನು ಟಿಕೆಟ್ ಕೊಡುವ ಕೊಠಡಿಯ ಗೋಡೆಗೆ ಬೆನ್ನು ಅಂಟಿಸಿಕೊಂಡು, ಅಲ್ಲಿಂದ ಕಾಣುತ್ತಿದ್ದ ಒಂದು ಕಸದ ಡಬ್ಬಿಯನ್ನು ಬರೆದುಕೊಂಡು ಬಂದೆ. ಡಬ್ಬಿ ಚೆನ್ನಾಗಿಯೇ ಬಂದಿದೆ. "ಡ್ಯಾಮ್ ನೋಡಕ್ಕೆ ಬಂದು ಡಸ್ಟ್‌ಬಿನ್ ಬರ್ಕೊಂಡು ಹೋಗ್ತಾ ಇದೀರಲ್ಲ, ಬೆನ್ನುನೋವಾ ಮೇಡಂ?" ಎಂದು ಒಬ್ಬರು ಕೇಳಿದರು. ಹೌದು ಎಂದೆ. ತೊಂದರೆ ಬೆನ್ನಿನದೇ ಆದ್ದರಿಂದ ಅದು ಪೂರ್ತಿ ಸುಳ್ಳಲ್ಲ.

ಕಾರಣ ಹೇಳಲು ಹೊರಟರೆ ನನಗೇ ಎಳೆ ಸಿಗುವುದಿಲ್ಲ. ಕುಟ್ಟದ ಒಂದು ಎಸ್ಟೇಟಿನಲ್ಲಿ ನನ್ನ ಬೆನ್ನ ಹಿಂದೆ ಏನೋ ಇತ್ತು. ಹುಲಿ ಎಂದು ಒಬ್ಬ ಹೇಳುತ್ತಾನೆ. ಕಡವೆ ಎಂದು ನಾನೇ ಊರಿಗೆಲ್ಲ ಹೇಳಿದ್ದೆ. ಹತ್ತಿರದಿಂದ ನೋಡಿದವಳು ನಾನು. ಏನನ್ನು ನೋಡಿದೆ ಎಂದು ತಿಳಿಯದೆ ಇವತ್ತಿಗೂ ಒದ್ದಾಡುತ್ತಿರುವವಳೂ ನಾನೇ. ಇದರಲ್ಲಿ ತಮಾಷೆಯೆಂದರೆ, ನಾನು ಕೊಡ್ಲಿಪೇಟೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಪ್ರತ್ಯಕ್ಷದರ್ಶಿಯ ಹೇಳಿಕೆಗಿಂತ ದೊಡ್ಡ ಆಧಾರವಿಲ್ಲ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆಯುತ್ತಾ ಬಂದವಳು. ಈಗಲೂ ಬರೆಯುತ್ತೇನೆ, ಆದರೆ ಮಕ್ಕಳು ಬರೆದುಕೊಳ್ಳುವ ಮೊದಲೇ ಒರೆಸಿಬಿಡುತ್ತೇನೆ.

ನನ್ನ ಚಿತ್ರದ ಸಾಮಾನಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸಾಮಾನು ಎಂದರೆ ನೀವು ಈಸೆಲ್, ಕ್ಯಾನ್ವಾಸು, ಟೋಪಿ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಪೆಪ್ಪರ್‌ಮಿಂಟಿನ ಒಂದು ತಗಡಿನ ಡಬ್ಬಿ. ಅದರೊಳಗೆ ಗಮ್ಮು ಹಾಕಿ ಕೂರಿಸಿದ ಆರು ಬಣ್ಣದ ಬಿಲ್ಲೆ. ಡಬ್ಬಿಯ ಮುಚ್ಚಳವೇ ಬಣ್ಣ ಕಲಸುವ ತಟ್ಟೆ. ಹಿಡಿಯೊಳಗೆ ನೀರು ತುಂಬಿಕೊಳ್ಳುವ ಒಂದು ಕುಂಚ, ಹಿಚುಕಿದರೆ ತುದಿಯಲ್ಲಿ ನೀರು ಬರುತ್ತದೆ. ಒಂದು ಮೋಟು ಪೆನ್ಸಿಲ್. ಅಂಗೈಯಗಲದ ದಪ್ಪ ಕಾಗದ ಒಂದಿಷ್ಟು, ರಬ್ಬರ್ ಬ್ಯಾಂಡು ಹಾಕಿದ್ದು. ಇವೆಲ್ಲ ಚೂಡಿದಾರದ ಜೇಬಿನಲ್ಲಿ ಹಿಡಿಯುತ್ತವೆ. ಜೇಬಿರುವ ಚೂಡಿದಾರ ಹೊಲಿಸಲು ಟೈಲರ್ ಹತ್ತಿರ ಮಾಡಿದ ಜಗಳ ಇನ್ನೊಂದು ಪ್ರಬಂಧಕ್ಕಾಗುವಷ್ಟಿದೆ. ಕೊನೆಯದಾಗಿ ಒಂದು ಹಳೇ ಕಾಲುಚೀಲ. ಅದರ ಪಾದ ಕತ್ತರಿಸಿ ಮೇಲಿನ ಬಾಯನ್ನು ಎಡಗೈ ಮಣಿಕಟ್ಟಿಗೆ ಬಳೆಯ ಹಾಗೆ ಹಾಕಿಕೊಂಡರೆ ಕುಂಚ ಒರೆಸಲು ಬೇರೆ ಬಟ್ಟೆ ಬೇಡ. ಬಸ್ಸಿನಲ್ಲಿ ಅದನ್ನು ನೋಡಿದ ಹೆಂಗಸರು ಕೈ ಉಳುಕಿದೆಯೆಂದು ಸೀಟು ಬಿಟ್ಟುಕೊಟ್ಟದ್ದೂ ಇದೆ. ನಾನು ನರಳುತ್ತಾ ಕೂತದ್ದೂ ಇದೆ.

ಇಷ್ಟು ಕಡಿಮೆ ಸಾಮಾನಿನ ಅಭ್ಯಾಸ ಚಿಕ್ಕಂದಿನಿಂದ ಬಂದದ್ದು. ನಮ್ಮ ಶಾಲೆಯಲ್ಲಿ ಬಣ್ಣದ ಡಬ್ಬಿ ಇದ್ದದ್ದು ಮೇಷ್ಟರ ಮಗಳ ಹತ್ತಿರ ಮಾತ್ರ. ಉಳಿದವರು ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ತಿಕ್ಕುತ್ತಿದ್ದೆವು. ಕೆಂಪು ಹೂವು ತಿಕ್ಕಿದರೆ ಬರುವುದು ನೇರಳೆ; ಆ ಮೋಸ ನನಗೆ ಈಗಲೂ ಬಿಡಿಸಲಾಗದ ಒಗಟು. ಅರಿಸಿನಕ್ಕೆ ಸುಣ್ಣ ತಾಗಿಸಿದರೆ ಕೆಂಪು. ಹಸಿರಿಗೆ ಅವರೆ ಎಲೆ. ಅವರೆ ಎಲೆಯಲ್ಲಿ ಬರೆದ ಗಿಳಿ ಒಂದು ವಾರಕ್ಕೆ ಕಂದಿ ಕಾಗೆಯಾಗುತ್ತಿತ್ತು. ಆದ್ದರಿಂದ ಚಿತ್ರದ ಕೆಳಗೆ "ಇದು ಗಿಳಿ" ಎಂದು ಬರೆಯಬೇಕೆಂದು ಮೇಷ್ಟರು ಕಡ್ಡಾಯ ಮಾಡಿದ್ದರು. ನಾನು ಜಾಣೆ. ಮೊದಲು "ಇದು ಹಸು" ಎಂದು ಬರೆದಿಟ್ಟು, ಆಮೇಲೆ ಹಸುವಿನ ಕಡೆ ಕಣ್ಣೆತ್ತಿಯೂ ನೋಡದೆ ಒಂದು ಹಸು ಬರೆಯುತ್ತಿದ್ದೆ. ಕೊಂಬು, ಕೆಚ್ಚಲು, ಬಾಲ. ಹೆಸರು ಬಂದ ಮೇಲೆ ಪ್ರಾಣಿ ಬರದೆ ಎಲ್ಲಿಗೆ ಹೋಗುತ್ತದೆ? ನಮ್ಮ ಭಾಷೆಯಲ್ಲಿ ಚಿತ್ರಕ್ಕೂ ಅಕ್ಷರಕ್ಕೂ "ಬರೆ" ಎಂಬ ಒಂದೇ ಕ್ರಿಯಾಪದ. ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೋ, ನನಗಂತೂ ಗೊತ್ತಾಗಿದ್ದಿಲ್ಲ.

ಕುಟ್ಟಕ್ಕೆ ಕರೆದವಳು ಜಯಂತಿ. ಡಿಗ್ರಿಯಲ್ಲಿ ನನ್ನ ಪಕ್ಕದ ಬೆಂಚು, ಹಾಸ್ಟೆಲಿನಲ್ಲಿ ಪಕ್ಕದ ಮಂಚ. ಭಾಗಮಂಡಲದ ಕಡೆಯ ಅರೆಭಾಷೆಯವಳು. ಅವಳ ಗಂಡ ಬೆಳ್ಯಪ್ಪನವರು ಕುಟ್ಟದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ, ಪಿಕ್ಕಿಂಗ್, ಗೊಬ್ಬರ, ಜಗಳ ಎಲ್ಲಾ ಅವರ ಕೈಯಲ್ಲೇ. ಮಾಲೀಕರು ಇರುವುದು ಊರಾಚೆ, ಹೆಚ್ಚಾಗಿ ಮೊಬೈಲಿನಲ್ಲಿ. "ರಜೆ ಉಂಟಲ್ಲ, ಬಾ. ನಿಂಗೆ ಬರೆಯಕ್ಕೆ ಇಲ್ಲಿ ಬೇಕಾದಷ್ಟು ಉಟ್ಟು" ಎಂದಳು; ಅವಳ ಉಂಟು ಒಮ್ಮೊಮ್ಮೆ ಹೀಗೆ ಅರೆಭಾಷೆಯ ಉಟ್ಟು ಆಗುತ್ತದೆ. ಬೆಳಿಗ್ಗೆ ಕೊಡ್ಲಿಪೇಟೆಯಲ್ಲಿ ಬಸ್ಸು ಹತ್ತಿ, ಜಿಲ್ಲೆಯ ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ಬಸ್ಸು ಬದಲಿಸುತ್ತಾ ಹೋದೆ. ಒಂದೇ ಜಿಲ್ಲೆ ಎನ್ನುತ್ತಾರೆ. ನಮ್ಮ ಕಡೆ ಕಂಡಕ್ಟರು "ಹತ್ರೀ, ಬೇಗ ಹತ್ರೀ" ಎನ್ನುತ್ತಾನೆ, ಹಾಸನದ ಗಾಳಿ. ನಡುವೆ ಕೊಡವ ತಕ್ಕ್ ಕೇಳಿಸುತ್ತದೆ, ಬ್ಯಾರಿ ಕೇಳಿಸುತ್ತದೆ, ತಮಿಳು ಕೇಳಿಸುತ್ತದೆ. ಕುಟ್ಟಕ್ಕೆ ಮುಟ್ಟುವಷ್ಟರಲ್ಲಿ ಬಸ್ಸಿನೊಳಗೆ ಮುಕ್ಕಾಲು ಪಾಲು ಮಲಯಾಳ. ನಾನು ಎಲ್ಲದಕ್ಕೂ ತಲೆಯಾಡಿಸುತ್ತಾ, ಎಲ್ಲವೂ ಅರ್ಥವಾದವಳ ಹಾಗೆ ಕೂತಿದ್ದೆ. ನೋಡಿ, ಕೊಡಗಿನಲ್ಲಿ ಬೆಳೆದವರಿಗೆ ಇದೊಂದು ರೋಗ. ನಾಲ್ಕು ಭಾಷೆಯ ನಡುವೆ ಬೆಳೆದದ್ದರಿಂದ ನಾಲ್ಕೂ ಬರುತ್ತದೆಂದು ನಂಬಿರುತ್ತೇವೆ. ಬರುವುದು ಒಂದೂವರೆ.

ಆಗ ಅಲ್ಲಿ ರೊಬಸ್ಟಾ ಕಾಫಿಯ ಪಿಕ್ಕಿಂಗ್ ಮುಗಿಯುತ್ತಾ ಬಂದು, ಕಾಳುಮೆಣಸಿನ ಕೊಯ್ಲು ಶುರುವಾಗಿತ್ತು. ಮಾರನೇ ದಿನ ತಿಂಡಿ ತಿಂದು ನಾನು ಡಬ್ಬಿ ಜೇಬಿಗಿಳಿಸಿ, ಕಾಲುಚೀಲ ತೊಟ್ಟು ಹೊರಟೆ. ಅಂಗಳದಲ್ಲಿ ಬೆಳ್ಯಪ್ಪನವರು ಅದನ್ನೇ ನೋಡಿದರು. "ಕೈಗೆ ಎಂತ ಆಯ್ತು?" ಎಂದರು. ಜಯಂತಿ "ಅದು ಅವಳ ಆರ್ಟು, ನೀವು ಸುಮ್ನಿರಿ" ಎಂದಳು.

ಕೆಳಗೆ ತೋಡಿನ, ಎಂದರೆ ಸಣ್ಣ ಹಳ್ಳದ, ಪಕ್ಕಕ್ಕೆ ಒಂದು ಬ್ಲಾಕಿತ್ತು. ಹಣ್ಣು ಕೆಂಪಗೆ ತುಂಬಿ, ಇನ್ನೂ ಕೊಯ್ಯದ ಬ್ಲಾಕು ಅದೊಂದೇ. ಅಲ್ಲಿ ಬಾಬು ಎಂಬವನು ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಹಚ್ಚಿ, ತುದಿಯಲ್ಲಿ ನಿಂತು ಮೆಣಸು ಕೊಯ್ಯುತ್ತಿದ್ದ. ಮೀಸೆ ನರೆತ, ಮೌನಿಯಾದ ಮನುಷ್ಯ. ವಯನಾಡಿನ ಕಡೆಯವನು. ಬೆನ್ನಿಗೆ ಚೀಲ, ಸೊಂಟಕ್ಕೆ ಹಗ್ಗ. ಕಾಲು ಎಲ್ಲಿಟ್ಟಿದ್ದಾನೆಂದು ಕೆಳಗಿನಿಂದ ಕಾಣುತ್ತಲೇ ಇರಲಿಲ್ಲ. ಇದಕ್ಕಿಂತ ಚಂದದ ಚಿತ್ರ ಬೇಕೆ? ನಾನು ಎಸ್ಟೇಟ್ ರಸ್ತೆಯ ಮೋರಿಕಟ್ಟೆಯ ಮೇಲೆ ಕೂತು, ಮುಚ್ಚಳದಲ್ಲಿ ಹಳದಿಗೆ ಚೂರು ಕಂದು ಸೇರಿಸಿ ಏಣಿಯ ಬಣ್ಣ ಕಲಸಿದೆ. ಏಣಿ ಬಂತು. ಬಾಬುವಿನ ಕಾಲು ಬರುತ್ತಿತ್ತು.

ಅಷ್ಟರಲ್ಲಿ ಅವನು ಕೂಗಿದ. "ಚೇಚೀ! ಕಡುವ! ಅವಿಡೆ, ಕಡುವ!"

ಈಗ ಬರೆಯುವಾಗ ನಾನು ಅದನ್ನು ಸರಿಯಾಗಿ ಬರೆಯುತ್ತಿದ್ದೇನೆ. ಆಗ ನನ್ನ ಕಿವಿಗೆ ಬಿದ್ದದ್ದು "ಕಡವೆ". ಚೇಚಿ ಎಂದರೆ ಅಕ್ಕ, ಗೊತ್ತು. ಅವಿಡೆ ಎಂದರೆ ಅಲ್ಲಿ, ಗೊತ್ತು. ನಡುವಿನದು ಹೇಗೂ ನಮ್ಮದೇ ಮಾತು. ದೊಡ್ಡ ಕಾಡುಜಿಂಕೆ, ಗಂಡಾಗಿದ್ದರೆ ಕವಲು ಕೊಂಬು. ಪಾಪ, ಮೌನಿಯಾದ ಮನುಷ್ಯ, ನಾನು ಚಿತ್ರ ಬರೆಯುವವಳೆಂದು ನನಗಾಗಿ ಒಂದು ಕಡವೆ ತೋರಿಸುತ್ತಿದ್ದಾನಲ್ಲ ಎಂದು ಎದೆ ತುಂಬಿ ಬಂತು. ಕುಂಚ ಬಾಯಲ್ಲಿ ಕಚ್ಚಿಕೊಂಡು, ಕಾಗದ, ಪೆನ್ಸಿಲ್ ಹಿಡಿದು ಅವನ ಕೈ ತೋರಿದ ಕಡೆಗೆ ಕಾಫಿ ಗಿಡಗಳ ಸಾಲಿನೊಳಗೆ ನುಗ್ಗಿದೆ. ಕಡವೆ ಇರುವ ಕಡೆಗೆ. ಅರ್ಥವಾಯಿತಲ್ಲ? ಅದು ಇರುವ ಕಡೆಗೆ.

ಅವನು ಇನ್ನೂ ಜೋರಾಗಿ ಕೂಗತೊಡಗಿದ. ನನಗೆ ಸಿಟ್ಟು. ಹೀಗೆ ಕಿರುಚಿದರೆ ಕಡವೆ ನಿಲ್ಲುತ್ತದೆಯೇ? ತಿರುಗಿ, ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದೆ. ಕ್ಲಾಸಿನಲ್ಲಿ ಕೊನೇ ಬೆಂಚಿಗೆ ಮಾಡುವ ಹಾಗೆ. ರಾತ್ರಿ ನಿದ್ದೆ ಬಾರದಾಗ ನನಗೆ ಹುಲಿಗಿಂತ ಹೆಚ್ಚಾಗಿ ಕಾಣುವುದು ಈ ಬೆರಳು.

ಗಿಡಗಳ ಬುಡದಲ್ಲಿ, ಎಲೆಗಳ ಕೆಳಗಿನ ಕತ್ತಲೆಯಲ್ಲಿ ಒಂದು ಬಣ್ಣವಿತ್ತು. ಅಷ್ಟು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ. ಒಂದು ಬಣ್ಣ, ಅದು ಉಸಿರಾಡುತ್ತಿತ್ತು. ನಾನು ಗೀಚಿದೆ. ಬೆನ್ನು, ಕತ್ತು. ಅದರ ಮೇಲೆ ಒಣಗಿದ ರೆಕ್ಕೆಗಳು, ಕಾಫಿ ಗಿಡದ ರೆಂಬೆಗೆ ತೋಟದವರು ಹೇಳುವುದು ಹಾಗೆ, ಕವಲು ಕವಲಾಗಿ ನಿಂತಿದ್ದವು. ನಾನು ಕೊಂಬು ಬರೆದೆ. ಪೆನ್ಸಿಲ್ ತಾನಾಗಿಯೇ ಓಡಿತು. ಹತ್ತಿರದಲ್ಲೆಲ್ಲೋ ಹಸಿ ಗೋಣಿಚೀಲದಂಥ ವಾಸನೆ. ಆಗ ಮೇಲಿನಿಂದ ಬಾಬುವಿನ ದನಿ ಬದಲಾಗಿ, ಒಡೆದು ಬಂತು.

"ಓಡಲ್ಲೇ! ಓಡಲ್ಲೇ ಚೇಚೀ!"

ಮಲಯಾಳದಲ್ಲಿ ಅದಕ್ಕೆ "ಓಡಬೇಡಿ" ಎಂದು ಅರ್ಥವಂತೆ. ನನಗೆ ಕೇಳಿಸಿದ್ದು "ಓಡಲೇ". ಕೊಡ್ಲಿಪೇಟೆಯಲ್ಲಿ ಹುಟ್ಟಿ ಬೆಳೆದವಳಿಗೆ, ಪರಿಚಯವಿಲ್ಲದ ಗಂಡಸು ಏಣಿಯ ಮೇಲೆ ನಿಂತು "ಲೇ" ಎನ್ನುವುದೆಂದರೆ ಏನು? ಓಡು ಎಂದದ್ದು ಕಿವಿಗೆ ಬಿದ್ದರೂ ತಲೆಗೆ ಹೋದದ್ದು "ಲೇ" ಮಾತ್ರ. ನಾನು ಅಲ್ಲೇ ಸೊಂಟದ ಮೇಲೆ ಕೈಯಿಟ್ಟು, ಅವನ ಕಡೆ ತಿರುಗಿ, ಕುಂಚ ಬಾಯಿಂದ ತೆಗೆದು ಕೇಳಿದೆ: "ಯಾರಿಗ್ಲಾ ಲೇ ಅಂತೀಯ?"

ಹಾಗೆ ಕೇಳುವಾಗ ಅದು ನನ್ನ ಬೆನ್ನಿಗಿತ್ತು.

ನಾನು ಓಡಲಿಲ್ಲ. ಓಡದೆ ಉಳಿದದ್ದು ಧೈರ್ಯದಿಂದಲ್ಲ, ತಿಳಿವಳಿಕೆಯಿಂದಲ್ಲ, ಮರ್ಯಾದೆಗೆ ಪೆಟ್ಟು ಬಿದ್ದದ್ದರಿಂದ. ಹಿಂದೆ ತರಗೆಲೆ ಒಂದು ಸಲ ಚರ್ ಎಂದಿತು. ತಿರುಗಿ ನೋಡಿದರೆ ಬಣ್ಣ ಇರಲಿಲ್ಲ. ಸಾಲಿನ ಉದ್ದಕ್ಕೂ ಕಾಫಿಯ ರೆಕ್ಕೆಗಳು ಒಂದಾದ ಮೇಲೊಂದು ಅಲ್ಲಾಡುತ್ತಾ ತೋಡಿನ ಕಡೆ ಹೋದವು, ಆಮೇಲೆ ಅದೂ ನಿಂತಿತು. ಬಾಬು ಮರವನ್ನು ತಬ್ಬಿಕೊಂಡಿದ್ದ. ಅವನ ಚೀಲದಿಂದ ಮೆಣಸು ಏಣಿಯ ಮೇಲೆ ಪಟಪಟ ಉದುರುತ್ತಿತ್ತು. "ಓಡಿಸ್ಬಿಟ್ಯಲ್ಲ ನೀನು" ಎಂದು ಅವನನ್ನು ಇನ್ನಷ್ಟು ಬೈದು, ಮನೆಯ ಕಡೆ ನಡೆದೆ.

ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. "ಕಡವೆ ಬಂದಿತ್ತು, ಕಡವೆ!" ಮೇಲಿನ ಬ್ಲಾಕಿನಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರಿಗೆ ಚಿತ್ರ ತೋರಿಸಿದೆ. ಅವರ ಮುಂದಾಳು ಶಾರದ ಎಂಬ ಗಟ್ಟಿಗಿತ್ತಿ. ಎಲ್ಲರೂ ಶಾರದ ಚೇಚಿ ಎನ್ನುತ್ತಿದ್ದರು. ಅವಳು ಕೊಂಬನ್ನು ಬೆರಳಿನಿಂದ ಮುಟ್ಟಿ "ನಲ್ಲದು" ಎಂದಳು. ಚೆನ್ನಾಗಿದೆಯಂತೆ. ಬೆಳ್ಯಪ್ಪನವರು ಮೊಬೈಲಿನಲ್ಲಿ ಅದರ ಫೋಟೋ ತೆಗೆದರು.

ಊಟಕ್ಕೆ ಕೂತಾಗ ಜಯಂತಿ ಹೊರಗಿನಿಂದ ಬಂದಳು. ಬಾಬುವನ್ನು ಇಬ್ಬರು ಹತ್ತಿ ಇಳಿಸಿದರಂತೆ. ಕೆಳಗೆ ಬಂದವನು ನೆಲಕ್ಕೆ ಕೂತು ಅತ್ತನಂತೆ. "ಸತ್ಯಂ, ಞಾನ್ ಕಂಡು", ಸತ್ಯ, ನಾನು ಕಂಡೆ, ಎಂಬುದು ಬಿಟ್ಟು ಬೇರೆ ಮಾತಿಲ್ಲವಂತೆ.

"ಕಡವೆ ನೋಡಿ ಯಾರಾದ್ರೂ ಅಳ್ತಾರಾ?" ಎಂದು ನಕ್ಕೆ.

ಅವಳು ನನ್ನನ್ನೇ ನೋಡುತ್ತಾ ನಿಂತಳು. "ನಿಂಗೆ ಕಿವಿ ಉಟ್ಟಾ ಇಲ್ಲೆನಾ? ಅವ ಹೇಳಿದ್ದು ಕಡವೆ ಅಲ್ಲ ಮಾರಾಯ್ತಿ. ಕಡುವ. ಮಲಯಾಳದಲ್ಲಿ ಕಡುವ ಅಂದ್ರೆ ಹುಲಿ."

ನಾನು ಅನ್ನ ಕಲಸುತ್ತಿದ್ದೆ. ಕಲಸುತ್ತಲೇ ಇದ್ದೆ. ಸಾರು ಪೂರ್ತಿ ಇಂಗಿ ಅನ್ನ ಉಂಡೆಯಾದರೂ ಕೈ ನಿಲ್ಲಲಿಲ್ಲ. "ಓಡಲ್ಲೇ ಅಂದ್ರೆ?" ಎಂದು ಕೇಳಿದೆ. ಅವಳು ಅದನ್ನೂ ಹೇಳಿದಳು. ಭಯ ಇಷ್ಟು ತಡವಾಗಿ, ಎಲ್ಲ ಮುಗಿದ ಮೇಲೆ, ಊಟದ ಹೊತ್ತಿಗೆ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಬಂದದ್ದು ಇನ್ನೂ ಹೋಗಿಲ್ಲ.

ಇಲ್ಲಿಗೆ ಮುಗಿದಿದ್ದರೆ ಇದೊಂದು ನಗೆಮಾತು. ಆದರೆ ನನ್ನ ಕಡವೆ ಅಷ್ಟು ಹೊತ್ತಿಗೆ ಎಸ್ಟೇಟು ದಾಟಿ ಹೋಗಿತ್ತು. ಬೆಳ್ಯಪ್ಪನವರು ಚಿತ್ರವನ್ನು ಮಾಲೀಕರಿಗೆ ಕಳಿಸಿ, "ಬಂದದ್ದು ಕಡವೆ. ಕಣ್ಣಾರೆ ಕಂಡ ಲೆಕ್ಚರರ್ ಮೇಡಂ ಬರೆದ ಚಿತ್ರ" ಎಂದು ತಿಳಿಸಿದ್ದರು. ಮಾಲೀಕರಿಂದ ಎರಡು ಚಪ್ಪಾಳೆಯ ಗುರುತೂ, "ಆರ್ಟ್ ಸೂಪರ್, ಪಿಕ್ಕಿಂಗ್ ನಡೀಲಿ" ಎಂಬ ಉತ್ತರವೂ ಬಂದಿದ್ದವು. ನಲವತ್ತು ದಾಟಿದ ಮೇಲೆ ನನ್ನ ಚಿತ್ರಕ್ಕೆ ಬರಹದಲ್ಲಿ ಸಿಕ್ಕಿದ ಮೊದಲ ಮೆಚ್ಚುಗೆ ಅದು. ನಾಳೆ ಬೆಳಿಗ್ಗೆ ಆ ಚಿತ್ರದ ಬಲದ ಮೇಲೆ ಶಾರದ ಚೇಚಿಯೂ ಅವಳ ಜೊತೆಯ ಹೆಂಗಸರೂ ತೋಡಿನ ಬ್ಲಾಕಿನೊಳಗೆ ಇಳಿಯಬೇಕಾಗಿತ್ತು. ಹಣ್ಣು ಕೊಯ್ಯುವುದೆಂದರೆ ಗಿಡದ ಬುಡದಲ್ಲಿ ಬಗ್ಗಿ, ಬೆನ್ನು ಮೇಲೆ ಮಾಡಿ, ದಿನವಿಡೀ.

ಬೆಳ್ಯಪ್ಪನವರನ್ನು ಕೆಟ್ಟವರೆಂದು ತಿಳಿಯಬೇಡಿ. ಅವರ ಕಷ್ಟ ಅವರಿಗೆ. "ಸೋಮವಾರ ಗಾಡಿ ಬಂದ್ರೆ ಇವರೆಲ್ಲ ಬೇರೆ ಎಸ್ಟೇಟಿಗೆ ಹೋಗ್ತಾರೆ. ಆಮೇಲೆ ಜನ ಇಲ್ಲ. ಹಣ್ಣು ಉದುರಿ ಹೋದ್ರೆ ನಾನು ಯಾರಿಗೆ ಹೇಳ್ಲಿ?" ಎಂದರು. "ಬಾಬು ಹೆದರ್ಪುಕ್ಕ. ಮೊನ್ನೆ ಲೈನ್‌ಮನೆ ನಾಯಿ ನೋಡಿ ಹುಲಿ ಅಂದವ. ನೀವು ಓದಿದವರು, ಹತ್ತಿರ ಹೋಗಿ ನೋಡಿದೀರಿ. ಕೊಂಬು ಬರೆದಿದೀರಿ. ಹುಲಿಗೆ ಕೊಂಬು ಉಂಟಾ ಮೇಡಂ?"

"ಇಲ್ಲ."

"ಮತ್ತೆ?"

"ಅದು ಕೊಂಬಲ್ಲ ಬೆಳ್ಯಪ್ಪನವರೇ, ಒಣ ರೆಕ್ಕೆ. ಕಡವೆ ಅಂತ ಕೇಳಿಸ್ತು, ಅದಕ್ಕೆ ಕೊಂಬು ಬರೆದೆ."

"ಹಾಗಾದ್ರೆ ಹುಲಿ ನೋಡಿದ್ರಾ? ಪಟ್ಟೆ ಇತ್ತಾ?"

"ಪಟ್ಟೆ..." ಎಂದೆ. ಎಲೆಗಳ ನೆರಳೂ ಪಟ್ಟೆಪಟ್ಟೆಯಾಗಿಯೇ ಬಿದ್ದಿತ್ತು.

ಅವರು ಕೈ ಚೆಲ್ಲಿದರು. "ಅದೂ ಇಲ್ಲ, ಇದೂ ಇಲ್ಲ. ನೀವು ಪಾಠ ಮಾಡೋದು ಹೀಗೇನಾ?"

ಫಾರೆಸ್ಟಿನವರಿಗೆ ಫೋನು ಹೋಯಿತು. ಎಲ್ಲೋ ಆನೆ ಇಳಿದಿದೆ, ಅದನ್ನು ಓಡಿಸಿ ಬರುತ್ತೇವೆ ಎಂದರು. ನಾನೂ ಜಯಂತಿಯೂ ಜಗಲಿಯಲ್ಲಿ ಕೂತು ಒಂದು ತನಿಖೆ ನಡೆಸಿದೆವು. ಡಬ್ಬಿಯ ಮುಚ್ಚಳದಲ್ಲಿ ಒಣಗಿದ ಬಣ್ಣವಿತ್ತು, ಹಳದಿಯಂಥ ಕಂದು. "ನೋಡು, ಇದು ಹುಲಿ ಬಣ್ಣವೇ. ಕಡವೆ ಇಷ್ಟು ಹಳದಿ ಇರದಿಲ್ಲೆ" ಎಂದಳು ಜಯಂತಿ. ನಾನು ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಆಮೇಲೆ ನೆನಪಾಯಿತು, ಅದು ಏಣಿಗೆಂದು ಕಲಸಿದ ಬಣ್ಣ. ಅವಳು ಇನ್ನೊಂದು ಮಾತು ಹೇಳಿದಳು. "ಎರಡೂ ಇದ್ದಿರ್ಬೋದಲ್ಲಾ? ಕಡವೆ ಹಿಂದೆ ಕಡುವ ಬಂದಿರ್ತದೆ. ಮೇಲಿದ್ದ ಅವಂಗೆ ಅದು ಕಂಡಿತು, ಕೆಳಗಿದ್ದ ನಿಂಗೆ ಇದು ಕಂಡಿತು." ಸಮಾಧಾನಕ್ಕೆಂದು ಹೇಳಿದ್ದು. ನನಗೆ ಸಿಕ್ಕ ಸಮಾಧಾನವೆಂದರೆ, ಹಾಗಾದರೆ ನಾನು ಎರಡರ ನಡುವೆ ನಿಂತಿದ್ದೆ ಎಂಬುದು.

ಅಂದಿನಿಂದ ಎಷ್ಟು ಸಲ ಆ ಸಾಲಿನೊಳಗೆ ಹೋಗಿ ಬಂದಿದ್ದೇನೋ. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಪೇಪರ್ ತಿದ್ದುವಾಗ. ಒಂದು ಸಲ ಪಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಆಗ ಮುಖವೂ ಕಾಣುತ್ತದೆ, ನನ್ನ ಕಾಗದವನ್ನೇ ನೋಡುತ್ತಿರುತ್ತದೆ. ಇನ್ನೊಂದು ಸಲ ಅಗಲ ಕಿವಿಯ ಸಾಧು ಕಡವೆ. ಕೆಲವು ಸಲ ನಾನು ಓಡುತ್ತೇನೆ. ಓಡಿದಾಗ ಚಿತ್ರ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಗೆ ನಿಂತುಬಿಡುತ್ತದೆ. ಆಮೇಲೆ ಫಾರೆಸ್ಟಿನವರು ಬಂದು ನೋಡಿದರಂತೆ. ತೋಡಿನ ಅಂಚಿನಲ್ಲಿ ಒಂದು ಗುರುತು ಸಿಕ್ಕಿತಂತೆ. ಹೆಜ್ಜೆಯೇ ಎಂದರಂತೆ ಒಬ್ಬರು, ನಾಯಿ ಕೆರೆದ ಗುಳಿ ಎಂದರಂತೆ ಇನ್ನೊಬ್ಬರು. ಜಯಂತಿ ಫೋನು ಮಾಡಿದಾಗಲೆಲ್ಲ ಕೇಳುತ್ತೇನೆ, "ಏನಾದ್ರೂ ಕಂಡಿತಾ?" ಏನೂ ಕಾಣಲಿಲ್ಲ. ಆ ಬ್ಲಾಕಿನ ಹಣ್ಣು ಮಾತ್ರ ಗಿಡದಲ್ಲೇ ಒಣಗಿ ಉದುರಿತು. ಮಾಲೀಕರು ಬೆಳ್ಯಪ್ಪನವರನ್ನು ಕೇಳಿದ್ದೂ ಆಯಿತು, ಅವರು ತಲೆ ತಗ್ಗಿಸಿ ನಿಂತದ್ದೂ ಆಯಿತು. ಅವರಿಗೆ ನಾನು ಮಾಡಿದ್ದು ಉಪಕಾರವೋ ಅಪಕಾರವೋ, ಅದರ ಉತ್ತರವೂ ಆ ಗಿಡಗಳ ಸಂದಿಯಲ್ಲೇ ಹೋಯಿತು.

ಏನು ಮಾಡಿದೆನೆಂದು ಹೇಳಲಿಲ್ಲ, ಅಲ್ಲವೇ? ಅದು ಮಾರನೇ ಬೆಳಗಿನ ಮಾತು.

ಅಂಗಳದಲ್ಲಿ ಮಸ್ಟರ್ ನಡೆಯುತ್ತಿತ್ತು; ಕೆಲಸಕ್ಕೆ ಹೋಗುವ ಮೊದಲು ಹಾಜರಿ ಕರೆದು, ಯಾರು ಯಾವ ಬ್ಲಾಕಿಗೆ ಎಂದು ಹೇಳುವುದು. ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಮಂಜಿನಲ್ಲಿ ಸಾಲಾಗಿ ನಿಂತಿದ್ದರು. ಮಲಯಾಳದವರು, ತಮಿಳಿನವರು, ಎಸ್ಟೇಟಿನ ಕೂಲಿ ಲೈನ್‌ಮನೆಗಳಲ್ಲೇ ಹುಟ್ಟಿ ಯಾವುದು ತಮ್ಮ ಭಾಷೆ ಎಂದು ಲೆಕ್ಕ ಬಿಟ್ಟವರು. ಬಾಬು ಬಂದಿರಲಿಲ್ಲ, ಜ್ವರ. ನಾನು ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟು ಜಗಲಿಯ ಮೆಟ್ಟಿಲಲ್ಲಿದ್ದೆ.

"ಎಲ್ಲಾ ತೋಡಿನ ಬ್ಲಾಕಿಗೆ" ಎಂದರು ಬೆಳ್ಯಪ್ಪನವರು.

ಯಾರೂ ಅಲುಗಲಿಲ್ಲ. ಹಿಂದಿನಿಂದ ಒಬ್ಬಳು "ಅಲ್ಲಿ ಹುಲಿ ಉಂಟಂತೆ ರೈಟ್ರೇ" ಎಂದಳು.

"ಹುಲಿಯೂ ಇಲ್ಲ, ಅದರಪ್ಪನೂ ಇಲ್ಲ. ಇಲ್ಲಿ ನೋಡಿ, ಕೊಂಬು." ಮೊಬೈಲು ಎತ್ತಿ ಹಿಡಿದರು. "ಮೇಡಂ ಇಲ್ಲೇ ಇದಾರೆ. ಅವರನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೆಟ್ಟಿಲಿಳಿದು ಹೋಗಿ, ಮೊದಲಿನಿಂದ ಹೇಳತೊಡಗಿದೆ. ಕಡವೆ ಎಂದು ಕೇಳಿಸಿದ್ದು, ಹಾಗೆ ಕೇಳಿಸಿದ್ದರಿಂದ ಕೊಂಬು ಬರೆದದ್ದು, ಆ ಕೊಂಬು ಕೊಂಬಲ್ಲದೆ ರೆಕ್ಕೆಯಾಗಿದ್ದದ್ದು, ಆದರೂ ಪಟ್ಟೆ ಕಂಡಿತೆಂದು ಹೇಳಲಾರದ್ದು, ನೆರಳಿನ ವಿಷಯ, ಬಣ್ಣದ ವಿಷಯ. ಪಾಠ ಮಾಡುವವರಿಗೆ ನಿಲ್ಲಿಸಲು ಬರುವುದಿಲ್ಲ. ಮಧ್ಯೆ ಜಯಂತಿ ಒಂದಿಷ್ಟನ್ನು ಮಲಯಾಳಕ್ಕೆ ಮಾಡಿದಳು, ಯಾರೋ ಅದನ್ನು ತಮಿಳಿಗೆ ಮಾಡಿದರು. ಕೊಂಬು ತಮಿಳಿಗೆ ಹೋಗಿ ಮುಟ್ಟುವಷ್ಟರಲ್ಲಿ ನಾನು ನೆರಳಿಗೆ ಬಂದಿರುತ್ತಿದ್ದೆ. ಹೆಂಗಸರ ಮುಖದಲ್ಲಿ ನನಗಿಂತ ಹೆಚ್ಚಿನ ಗೊಂದಲ. ಒಬ್ಬಳು ಕೇಳಿದಳು, "ಹುಲಿಗೆ ಕೊಂಬು ಬಂತಾ?" ಯಾರೋ ಕಿಸಕ್ಕನೆ ನಕ್ಕರು. ಬೆಳ್ಯಪ್ಪನವರು "ಸಾಕಲ್ಲ, ಕೇಳಿದ್ರಲ್ಲ, ನಡೀರಿ" ಎಂದರು. ಮುಂದಿನ ಸಾಲಿನ ಇಬ್ಬರು ಹೊರಡಲು ಚೀಲ ಸರಿಮಾಡಿಕೊಂಡರು.

ಆಗ ಶಾರದ ಚೇಚಿ ನನ್ನ ಹತ್ತಿರಕ್ಕೆ ಬಂದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಪಕ್ಕಕ್ಕೆ ಉಗಿದು, ತನ್ನ ಕನ್ನಡದಲ್ಲಿ ಕೇಳಿದಳು.

"ಮೇಡಂ, ಅದೆಲ್ಲಾ ಬಿಡಿ. ಇವತ್ತು ನೀವು ಅಲ್ಲಿ ಹೋಗಿ ಕೂತು ಚಿತ್ರ ಬರೀತದಾ?"

"ಇಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಅವಳ ಪ್ರಶ್ನೆ ಮುಗಿಯುವ ಮೊದಲೇ ಬಾಯಿಂದ ಬಿದ್ದಿತ್ತು, ಅದೂ ಅಂಗಳದ ಆ ತುದಿಗೆ ಕೇಳುವಷ್ಟು ಜೋರಾಗಿ. ಜಯಂತಿ ಅದನ್ನು ಮಲಯಾಳಕ್ಕೆ ಮಾಡಲೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಮಲಯಾಳದಲ್ಲೂ ಅದಕ್ಕೆ "ಇಲ್ಲ" ಎಂದೇ. ತಮಿಳಿನಲ್ಲಿ ಕೊನೆಯಲ್ಲಿ ಚೂರು ಬಾಗಿ "ಇಲ್ಲೈ" ಆಗುತ್ತದೆ, ಅಷ್ಟೆ. ಯಾರೂ ಯಾರಿಗೂ ಬಿಡಿಸಿ ಹೇಳಲಿಲ್ಲ. ಹೊರಟಿದ್ದ ಇಬ್ಬರು ತಿರುಗಿ ಬಂದರು. ಹೆಂಗಸರು ಒಬ್ಬರ ಹಿಂದೊಬ್ಬರಂತೆ, ಉದುರು ಹಣ್ಣು ಬಿಟ್ಟರೆ ಇನ್ನೇನೂ ಉಳಿಯದ ಮೇಲಿನ ಬ್ಲಾಕಿನ ದಾರಿ ಹಿಡಿದರು. ಬೆಳ್ಯಪ್ಪನವರು ನನ್ನ ಕಡೆ ನೋಡದೆ ಮೊಬೈಲನ್ನು ಜೇಬಿಗಿಳಿಸಿ, ಅವರ ಹಿಂದೆ ನಡೆದರು.